ಪಂಜು ಹಿಡಿದವನ ಹೆಸರೇನು?

(ಬೊಮ್ಮನಹಳ್ಳಿಯ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ನಾವು ಸೇರಿರುವ ಈ ಬೊಮ್ಮನಹಳ್ಳಿಗೆ ಬೇಗೂರು ಹತ್ತಿರದ ಊರು. ಅಲ್ಲಿಯ ಹಳೆಯ ಶಾಸನವೊಂದರಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ಹೆಸರಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನದು. ನಮ್ಮ ಊರಿನ ಚರಿತ್ರೆ ಹೇಳುವವರಿಗೆ ಇದೊಂದು ಅನುಕೂಲ. ಅನುಮಾನ ಬಂದರೆ ಕಲ್ಲಿನ ಮುಂದೆ ನಿಂತು ಓದಿಕೊಳ್ಳಬಹುದು.

ಕಲ್ಲು ಕೆತ್ತಿಸದ, ತಾಮ್ರಪಟ ಪಡೆಯದ ಜನರ ಚರಿತ್ರೆಯನ್ನು ಎಲ್ಲಿ ಓದಬೇಕು? ಮೈಸೂರು, ಕೊಡಗು, ಚಾಮರಾಜನಗರದ ಕಾಡುಗಳ ಜೇನು ಕುರುಬರು, ಬೆಟ್ಟ ಕುರುಬರು, ಸೋಲಿಗರು, ಯರವರು — ಇವರ ಬಗ್ಗೆ ಇನ್ನೂರು ವರ್ಷಗಳಲ್ಲಿ ಬರವಣಿಗೆ ಸಾಕಷ್ಟು ಬಂದಿದೆ. ಆದರೆ ಅದರಲ್ಲಿ ಹಳೆಯದೆಲ್ಲ ಬಹುಮಟ್ಟಿಗೆ ಹೊರಗಿನಿಂದ ಬಂದ ಅಧಿಕಾರಿಗಳು ಬರೆದದ್ದು. ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ಸಂಗತಿ ಎನ್ನುವಂತಿಲ್ಲ. ಹಾಡಿಯ ಮನೆಯೊಂದು ಉಳಿಯುತ್ತದೆಯೋ ಇಲ್ಲವೋ ಎಂಬುದು ಇವತ್ತು ಈ ಪುಸ್ತಕಗಳನ್ನೂ ಅವಲಂಬಿಸಿದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು ಸೀಮೆ ನೋಡಿಬರಲು ಕಳುಹಿಸಿದ. ಏನು ಬೆಳೆಯುತ್ತಾರೆ, ಏನು ತಿನ್ನುತ್ತಾರೆ, ಏನು ತೆರಿಗೆ ಬರಬಹುದು ಎಂಬ ಲೆಕ್ಕವೇ ಮುಖ್ಯ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅವುಗಳಲ್ಲಿ ಕಾಡು ಕುರುಬರ ವರ್ಣನೆಯೊಂದಿದೆ. ಮೊದಲು ಅವರ ಬಡತನ, ಚಿಂದಿ ಬಟ್ಟೆ, ಜಡೆಗಟ್ಟಿದ ಕೂದಲು ಎಲ್ಲವನ್ನೂ ಮೂಗು ಮುರಿಯುತ್ತಲೇ ಪಟ್ಟಿ ಮಾಡುತ್ತಾನೆ. ಆನಂತರ, ಪೈರಿನ ಕಾಲದಲ್ಲಿ ಇವರು ರೈತರ ಹೊಲಗಳನ್ನು ರಾತ್ರಿ ಕಾಯುವ ಬಗೆಯನ್ನು ಬರೆಯುತ್ತಾನೆ. ಆನೆ ಬಂದರೆ ಬಿದಿರಿನ ಪಂಜು ಹೊತ್ತಿಸಿಕೊಂಡು ಅದರ ಎದುರಿಗೇ ಓಡಬೇಕು. ಆನೆ ಕೆಲವೊಮ್ಮೆ ತಿರುಗಿ ನಿಂತು ಕಾಯುತ್ತದೆ. ಆಗಲೂ ಹಿಂಜರಿಯದೆ ನುಗ್ಗಿ ಉರಿಯುವ ಪಂಜನ್ನು ಅದರ ತಲೆಗೇ ಅಪ್ಪಳಿಸಬೇಕು. ಧೈರ್ಯಗೆಟ್ಟು ಬೆನ್ನು ತೋರಿಸಿದವನ ಕಥೆ ಅಲ್ಲಿಗೆ ಮುಗಿಯಿತು. ಇದಕ್ಕೆ ತಿಂಗಳ ಕೂಲಿ ಒಂದು ಹಣ, ಹತ್ತು ಸೇರು ರಾಗಿ.

ಈ ಭಾಗವನ್ನು ನಾನು ಹಲವು ಸಲ ಓದಿದ್ದೇನೆ. ಬುಕಾನನ್‌ಗೆ ಇವರು ಕನಿಕರಕ್ಕೆ ಮಾತ್ರ ತಕ್ಕ ಜನ. ಅವನೇ ಕೊಟ್ಟ ವಿವರ ಬೇರೆಯದನ್ನು ಹೇಳುತ್ತದೆ. ಆ ಸೀಮೆಯ ಬೆಳೆ ಮನೆ ಸೇರುತ್ತಿದ್ದದ್ದೇ ಇವರಿಂದ. ಆನೆಯ ನಡವಳಿಕೆಯನ್ನು ಇಂಚಿಂಚಾಗಿ ಬಲ್ಲವರು ಇವರು. ರಾಗಿಯ ಲೆಕ್ಕ ಬರೆದುಕೊಂಡ ವೈದ್ಯ ಪಂಜು ಹಿಡಿದವನ ಹೆಸರು ಬರೆದುಕೊಂಡಿಲ್ಲ.

ಎಪ್ಪತ್ತು ವರ್ಷ ಮುಂದೆ ಬನ್ನಿ. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಕಾಲುವೆಗಳ ಉಸ್ತುವಾರಿಯಲ್ಲಿದ್ದ ಜಿ.ಪಿ. ಸ್ಯಾಂಡರ್‌ಸನ್ ಎಂಬ ತರುಣ, ಆನೆ ಹಿಂಡನ್ನೇ ಒಟ್ಟಿಗೆ ಹಿಡಿಯುತ್ತೇನೆಂದು ಹೊರಟ. ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಈ ಪ್ರಯತ್ನ ಮಾಡಿ ಸೋತಿದ್ದನಂತೆ. ಇನ್ನು ಯಾರೂ ಇದಕ್ಕೆ ಕೈಹಾಕಬಾರದೆಂದು ಶಾಪ ಕೆತ್ತಿಸಿದ ಕಲ್ಲೂ ಅಲ್ಲಿತ್ತೆಂದು ಸ್ಯಾಂಡರ್‌ಸನ್ನನೇ ಬರೆಯುತ್ತಾನೆ. 1874ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳು ಅವನ ಖೆಡ್ಡಾಕ್ಕೆ ಬಿದ್ದವು. 1878ರಲ್ಲಿ ಪುಸ್ತಕ ಬಂತು, ಹೆಸರೂ ಬಂತು. ಬುಕಾನನ್‌ಗಿಂತ ಇವನು ಉದಾರಿ. ಕಾಡಿನವರ ಜೊತೆ ಅಲೆದವನು, ಜಾಡು ಓದುವ ಅವರ ಕಣ್ಣನ್ನು ಬಾಯ್ತುಂಬ ಹೊಗಳುತ್ತಾನೆ. ಆದರೆ ಅಂಥ ಕಣ್ಣು ಪುಸ್ತಕದ ತುಂಬ ಸಾಹೇಬರ ಸೇವೆಗಾಗಿಯೇ ಇರುವ ಒಂದು ಸಲಕರಣೆ.

ಖೆಡ್ಡಾ ಮುಂದೆ ಮಹಾರಾಜರ ಅತಿಥಿಗಳ ವೈಭವವಾಯಿತು. ಕೊನೆಯದು ನಡೆದದ್ದು 1971ರಲ್ಲಿ. ಕಾಕನಕೋಟೆಯ ಆ ಜಾಗವನ್ನು ಆಮೇಲೆ ಕಬಿನಿಯ ಹಿನ್ನೀರು ಮುಚ್ಚಿತು. ಅಂದಹಾಗೆ, ಆ ಕಾಡಿನ ಕುರುಬರನ್ನೇ ನಡುವೆ ನಿಲ್ಲಿಸಿ ಕನ್ನಡದಲ್ಲಿ ನಾಟಕ ಬರೆದವರು ಮಾಸ್ತಿಯವರು. ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದಾಗ ನೋಡಿದವರು ನಿಮ್ಮಲ್ಲಿ ಹಲವರಿರಬಹುದು.

ಇನ್ನು ಥರ್ಸ್‌ಟನ್. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥ. ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ತಂದ. ಅಳತೆಯ ಉಪಕರಣ ಹಿಡಿದು ಊರೂರು ತಿರುಗಿ ಜನರ ತಲೆ, ಮೂಗು, ಎತ್ತರ ಅಳೆದ. ನಮ್ಮ ಗಡಿಯಾಚೆಯ ವಯನಾಡಿನಲ್ಲಿ ಪಣಿಯ ಹೆಂಗಸರು ಅವನನ್ನು ಕಂಡು ಓಟ ಕಿತ್ತರಂತೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಒಯ್ದು, ಹೊಟ್ಟು ತುಂಬಿಸಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆಂದು ಹೆದರಿಕೆ. ನೀಲಗಿರಿಯ ಇರುಳರವನೊಬ್ಬ ಎತ್ತರ ಅಳೆಯುವ ಕಂಬವನ್ನು ನೇಣುಗಂಬವೆಂದು ತಿಳಿದು ಹತ್ತಿರ ಬರಲೊಪ್ಪಲಿಲ್ಲ. ಥರ್ಸ್‌ಟನ್ ಇದನ್ನೆಲ್ಲ ತಮಾಷೆಗೆ ಬರೆದಿದ್ದಾನೆ. ಆ ಹೆಂಗಸರ ಕಡೆಯಿಂದ ಯೋಚಿಸಿ ನೋಡಿ. ಅವರ ಕಾಡಿಗೆ ಬಂದ ಸಾಹೇಬರು ಹುಲಿ, ಕಾಟಿಗಳನ್ನು ಹೊಡೆದು, ಹೊಟ್ಟು ತುಂಬಿ, ಬಂಗಲೆಯ ಗೋಡೆಗೆ ಏರಿಸುತ್ತಿದ್ದ ಕಾಲ ಅದು. ಮುಂದಿನ ಸರದಿ ಮನುಷ್ಯರದು ಎಂದುಕೊಂಡದ್ದು ಅಜ್ಞಾನವೇ? ಕಂಡದ್ದರಿಂದ ಕಟ್ಟಿದ ಲೆಕ್ಕ ಅದು. ಆ ಏಳು ಸಂಪುಟಗಳಲ್ಲಿ ಅಳತೆಗೆ ಸಿಕ್ಕಿದವರಿಗಿಂತ ಓಡಿಹೋದವರು ತಮ್ಮ ಬಗ್ಗೆ ಹೆಚ್ಚು ಹೇಳಿದ್ದಾರೆ ಎಂದು ನನಗನ್ನಿಸುತ್ತದೆ.

ನಮ್ಮವರೇ ಬರೆದಾಗ ಎಲ್ಲ ಬದಲಾಯಿತೆಂದೂ ಹೇಳಲಾರೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು-ಜಾತಿಗಳ ಸಂಪುಟಗಳು 1928ರಿಂದ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದವು. ವಿವರಗಳ ಗಣಿ ಅವು. ಆದರೆ ಮದುವೆ, ಸೂತಕ, ದೇವರು ಎಂಬ ಶೀರ್ಷಿಕೆಗಳ ಕೆಳಗೆ ಜನರನ್ನು ವಿಂಗಡಿಸಿಡುವ ಕ್ರಮ ಅದೇ ಹಳೆಯದು.

ಬರವಣಿಗೆಯ ಜೊತೆಜೊತೆಗೇ ಕಾನೂನೂ ಬಂತು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ, 1900ರಲ್ಲಿ ಅರಣ್ಯ ಕಾಯ್ದೆ. ಕಾಡು ಸರ್ಕಾರದ್ದಾಯಿತು, ಒಳಗಿದ್ದವರು ಅಪ್ಪಣೆಯ ಮೇಲೆ ಇರುವವರಾದರು. ಕೊಡಗು ಕಂಪನಿಯ ಕೈಸೇರಿದ್ದು 1834ರಲ್ಲಿ. ಗದ್ದೆಯಲ್ಲಿ ಜೀತಕ್ಕಿದ್ದ ಯರವರಿಗೆ 1843ರ ಕಾನೂನು ಕಾಗದದ ಮೇಲೆ ಬಿಡುಗಡೆ ಕೊಟ್ಟಿತು. ಆಮೇಲೆ ಎದ್ದದ್ದು ಕಾಫಿ ತೋಟದ ಲೈನ್ ಮನೆಗಳು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, ಸೋಲಿಗರ ಕಾಡುಬೇಸಾಯ ನಿಂತಿತು. ಬೇಸಿಗೆಗೆ ಮುಂಚೆ ನೆಲದ ಒಣಎಲೆಯನ್ನಷ್ಟೇ ಸುಡುವ ಅವರ ‘ತರಗು ಬೆಂಕಿ’ಯೂ ಅಪರಾಧವಾಯಿತು. ಲಂಟಾನ ಹೀಗೆ ಹಬ್ಬಿದ್ದು ಆ ಬೆಂಕಿ ನಿಂತ ಮೇಲೆ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಸೋಲಿಗರವರೇ ಆದ ಸಿ. ಮಾದೇಗೌಡರಂಥ ಸಂಶೋಧಕರು ಆ ಮಾತನ್ನು ಈಗ ವಿಜ್ಞಾನದ ಪತ್ರಿಕೆಗಳಿಗೂ ಮುಟ್ಟಿಸಿದ್ದಾರೆ. ಬಿಳಿಗಿರಿರಂಗ ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದ್ದರಿಂದ ದೇವರನ್ನೇ ‘ಭಾವ’ ಎಂದು ಕರೆಯುವ ಜನ ಇವರು. ಸ್ವಂತ ಭಾವನ ಬೆಟ್ಟದಲ್ಲಿ ಒತ್ತುವರಿದಾರರು!

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಆಸ್ಟ್ರೇಲಿಯಾಕ್ಕೆ 1788ರಲ್ಲಿ ಹೋದ ಬ್ರಿಟಿಷರು ಆ ಖಂಡವನ್ನೇ ಒಡೆಯರಿಲ್ಲದ ನೆಲವೆಂದು ನಡೆಸಿಕೊಂಡರು. ಅಲ್ಲಿಯೂ ಮೂಲನಿವಾಸಿಗಳು ಪೊಲೀಸರಿಗೆ ಜಾಡು ತೋರಿಸುವವರಾಗಿ ದಾಖಲೆಗೆ ಬಂದರು, ನೆಲದ ಒಡೆಯರಾಗಿ ಬರಲಿಲ್ಲ. 1968ರಲ್ಲಿ ಸ್ಟ್ಯಾನರ್ ಎಂಬ ಮಾನವಶಾಸ್ತ್ರಜ್ಞ ರೇಡಿಯೋ ಭಾಷಣಗಳಲ್ಲಿ, ತನ್ನ ದೇಶದ ಇತಿಹಾಸಕಾರರು ಇವರ ಬಗ್ಗೆ ಒಟ್ಟಾಗಿ ಮೌನ ವಹಿಸಿದ್ದಾರೆಂದು ದೂರಿದ. ಎಡ್ಡಿ ಮಾಬೊ ಮತ್ತು ಅವನ ದ್ವೀಪದವರು ಹೂಡಿದ ಮೊಕದ್ದಮೆಯಲ್ಲಿ 1992ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟು ಒಡೆಯರಿಲ್ಲದ ನೆಲವೆಂಬ ವಾದವನ್ನು ತಳ್ಳಿಹಾಕಿತು. ಮಾಬೊ ಅದಕ್ಕೆ ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದ.

ನಮ್ಮಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ, ನಿಯಮಗಳು 2008ರಲ್ಲಿ. ಅವುಗಳಲ್ಲಿ 13ನೆಯ ನಿಯಮವನ್ನು ದಯವಿಟ್ಟು ಓದಿ. ಹಕ್ಕು ಕೇಳುವವರು ಯಾವ ಪುರಾವೆ ಕೊಡಬಹುದೆಂಬ ಪಟ್ಟಿ ಅಲ್ಲಿದೆ. ಗೆಜೆಟಿಯರು, ಜನಗಣತಿ, ಸರ್ವೆ ವರದಿಗಳಿವೆ. ಅಂದರೆ ಇವರನ್ನು ಹೀಗಳೆದು ಬರೆದ ಹಳೆಯ ಸರ್ಕಾರಿ ಪುಟವೇ ಇವರು ಅಲ್ಲಿದ್ದರೆಂಬುದಕ್ಕೆ ಸಾಕ್ಷಿಯಾಗಬಹುದು. ಅದೇ ಪಟ್ಟಿಯಲ್ಲಿ ಸ್ಮಶಾನ, ದೇವರ ಬನ, ಬಾವಿಗಳಿವೆ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಇದೆ. ಅಜ್ಜಿಯ ಬಾಯಿಮಾತನ್ನು ಗೆಜೆಟಿಯರಿನ ಪಕ್ಕದಲ್ಲೇ ಕೂರಿಸಿದ ಕಾನೂನು ಇದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆ ವರ್ಷವೇ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು.

ಎಲ್ಲ ಕಡೆ ಹಾಗಾಗಿಲ್ಲ. ತಮ್ಮನ್ನು ದಶಕಗಳ ಹಿಂದೆ ಹೊರಹಾಕಲಾಯಿತೆಂದು ಹೇಳುವ ಐವತ್ತರಷ್ಟು ಜೇನು ಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಒಳಗಿನ ಕರಡಿಕಲ್ಲು ಹಾಡಿಯ ಜಾಗಕ್ಕೆ ಮರಳಿ ಹೋಗಿ ಗುಡಿಸಲು ಕಟ್ಟಿದವು. ಅರಣ್ಯ ಇಲಾಖೆ ಒಪ್ಪಲಿಲ್ಲ. ಬಿದಿರು, ಹುಲ್ಲಿನ ಗುಡಿಸಲು ನಲವತ್ತು ಮಳೆಗಾಲ ಕಂಡ ಮೇಲೆ ನೆಲದ ಮೇಲೆ ಏನು ಉಳಿದೀತು? ಸಮಾಧಿಗಳು, ದೇವರ ಜಾಗಗಳು, ಮತ್ತು ಅವು ಎಲ್ಲಿವೆಯೆಂದು ಬಲ್ಲ ಕೆಲವು ಮುದುಕರು. ಅವರ ಮಾತನ್ನು ಅವರ ಹೆಸರಿನ ಸಮೇತ ಬರೆದುಕೊಳ್ಳುವ ಕೆಲಸ ಬಾಕಿಯಿದೆ.

ನಿಮ್ಮ ಪ್ರಶ್ನೆಗಳನ್ನು ಕೇಳಿ.