ಧಾತು ಬರದ ದಾರಿ



ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗದವರು ನಿಮ್ಮಲ್ಲಿ ವಿರಳ. ಅಧ್ಯಾಪಕನಾಗಿದ್ದ ವರ್ಷಗಳಲ್ಲಿ ನಾನು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಶ್ರೀರಂಗಪಟ್ಟಣದ ಕಾವೇರಿ, ಇವಿಷ್ಟೇ ನನಗಿದ್ದ ಪರಿಚಯ. ಅದು ಹಸಿದವರು ಹಾಕಿದ ದಾರಿ ಎಂಬುದು ತಿಳಿದದ್ದು ತೀರ ತಡವಾಗಿ.

ಬಾಲ್ಯದಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟರೆ ನಮ್ಮ ಅಜ್ಜಿ, "ಧಾತು ಬರ ಕಂಡವರಿಗೆ ಇದರ ಬೆಲೆ ಗೊತ್ತಿತ್ತು" ಎನ್ನುತ್ತಿದ್ದರು. ಅವರೂ ಅದನ್ನು ಕಂಡವರಲ್ಲ. ತಮ್ಮ ಅಜ್ಜಿಯಿಂದ ಕೇಳಿದವರು. 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ, ಈಶ್ವರ ಸಂವತ್ಸರದಲ್ಲಿಯೂ ಬವಣೆ ತೀರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರ.

ಮದರಾಸಿನ ಕಡೆಯ ರೈಲು 1864ರಲ್ಲಿಯೇ ಬೆಂಗಳೂರಿನ ದಂಡು ಪ್ರದೇಶವನ್ನು ಮುಟ್ಟಿತ್ತು. ಬರಗಾಲದಲ್ಲಿ ಧಾನ್ಯ ಅಲ್ಲಿಗೆ ಬಂದಿಳಿಯುತ್ತಿತ್ತು. ಅಲ್ಲಿಂದ ಮೈಸೂರಿನ ಕಡೆಗೆ ಎತ್ತಿನ ಗಾಡಿಯೇ ಗತಿ; ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. 1877ರಲ್ಲಿ ಮೈಸೂರು ದಾರಿಯ ಕೆಲಸವನ್ನು ಬರಪರಿಹಾರದ ಕಾಮಗಾರಿಯಾಗಿಯೇ ಆರಂಭಿಸಲಾಯಿತು. ಹೊಟ್ಟೆಗಿಲ್ಲದ ಗಂಡಸರು, ಹೆಂಗಸರು ಮಣ್ಣು ಹೊತ್ತರು, ಜಲ್ಲಿ ಒಡೆದರು. 1882ರಲ್ಲಿ ಸುಮಾರು 138 ಕಿಲೋಮೀಟರಿನ ಮೀಟರ್ ಗೇಜ್ ಹಳಿ ಮೈಸೂರನ್ನು ಮುಟ್ಟಿತು. ಆ ವೇಳೆಗೆ ಬರ ಮುಗಿದುಹೋಗಿತ್ತು. ಹೊತ್ತವರಿಗೆ ಆ ರೈಲು ಅನ್ನ ತರಲಿಲ್ಲ. ಅವರ ಮೊಮ್ಮಕ್ಕಳಿಗೆ ತಂದಿತು.

ಅಂದಿನ ಬರಗೂಲಿ ಎಷ್ಟಿದ್ದೀತು? ನೆರೆಯ ಮದರಾಸ್ ಪ್ರಾಂತದಲ್ಲಿ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದು, ಆಳೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದು ಆಣೆ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಡಾಕ್ಟರ್ ಕಾರ್ನಿಷ್ ವಾದಿಸಿದರು. ಕೆಲವು ತಿಂಗಳ ಬಳಿಕ ಕೂಲಿ ಏರಿತು.

ಇದೇ ದಾರಿಯನ್ನು ಜೋಡಿಮಾರ್ಗ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟೀಪುವಿನ ಮದ್ದಿನಮನೆಯೊಂದು ಅಡ್ಡ ಬಂದಿತು. ಅದನ್ನು ಕೆಡವಲಿಲ್ಲ. 2017ರಲ್ಲಿ ಆ ಇಟ್ಟಿಗೆಗಾರೆಯ ಕಟ್ಟಡವನ್ನು ಇಡಿಯಾಗಿ ಎತ್ತಿ, ಆಚೆಗೆ ಸರಿಸಿ ಕೂರಿಸಿದರು. ನೆನಪನ್ನು ಉಳಿಸಲು ನಮಗೆ ಬಾರದೆಂದಲ್ಲ. ಆದರೆ ಈ ದಾರಿಯಲ್ಲಿ ನಾನು ಇಳಿದ ಯಾವ ನಿಲ್ದಾಣದಲ್ಲಿಯೂ ಆ ಮಣ್ಣು ಹೊತ್ತವರನ್ನು ಕುರಿತ ಒಂದು ಕಲ್ಲನ್ನೂ ಕಾಣಲಿಲ್ಲ. ವೀರಗಲ್ಲು, ಮಾಸ್ತಿಗಲ್ಲುಗಳನ್ನು ಊರೂರಿಗೂ ನೆಟ್ಟ ನಾಡು ನಮ್ಮದು. ಒಂದು ಕೂಲಿಗಲ್ಲಿಗೆ ಇಲ್ಲಿ ಎಡೆಯಿಲ್ಲವೇ?

ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಕಿಟಕಿಯಾಚೆಯ ಏರಿಯನ್ನೊಮ್ಮೆ ನೋಡಿ. ನಾನು ಈಗ ಅಷ್ಟನ್ನು ತಪ್ಪದೆ ಮಾಡುತ್ತೇನೆ.