ಕರೆ ಕೇಳಿಸುವುದು ಯಾರ ದನಿಯಲ್ಲಿ?

(ಜನವರಿ 16, ಸಂತ ಜೋಸೆಫ್ ವಾಜ್ ಅವರ ಹಬ್ಬದ ಪ್ರಬೋಧನೆ)



ಬಾಲಕ ಸಮುವೇಲನ ಕಥೆ ನಮಗೆಲ್ಲ ಗೊತ್ತು. ರಾತ್ರಿ ದೇವರು ಅವನ ಹೆಸರು ಹಿಡಿದು ಕರೆದರು. ಅವನು ಎದ್ದು ಓಡಿದ್ದು ವೃದ್ಧ ಗುರು ಏಲಿಯವರ ಬಳಿಗೆ. ಅದೂ ಮೂರು ಸಲ. ಏಲಿಯವರಿಗೆ ಕಣ್ಣು ಮಂಜಾಗಿತ್ತು. ಅವರೇ ಕರೆದರೆಂದು ಹುಡುಗ ತಿಳಿದ. ದೇವರ ದನಿ ಅವನಿಗೆ ಗುಡುಗಿನಂತೆ ಕೇಳಿಸಲಿಲ್ಲ, ಮನೆಯ ಹಿರಿಯರೊಬ್ಬರು ಕೂಗಿದಂತೆ ಕೇಳಿಸಿತು. ಕರೆಯುತ್ತಿರುವವರು ದೇವರೆಂದು ಕೊನೆಗೆ ತಿಳಿಸಿಕೊಟ್ಟವರೂ ಆ ಹಿರಿಯರೇ.

ದೈವಕರೆ ಎಂದಾಕ್ಷಣ ನಾವು ಆಕಾಶದತ್ತ ನೋಡುತ್ತೇವೆ. ಆದರೆ ದೇವರು ಬಹಳ ಸಲ ಮನುಷ್ಯರ ದನಿಯಲ್ಲಿ, ಯಾರದೋ ಅಗತ್ಯದ ಮೂಲಕ ಕರೆಯುತ್ತಾರೆ. ಇಂದು ನಾವು ಸ್ಮರಿಸುವ ಸಂತ ಜೋಸೆಫ್ ವಾಜ್ ಅವರ ಬಾಳು ಇದಕ್ಕೆ ಸಾಕ್ಷಿ.

ಅವರು 1651ರಲ್ಲಿ ಗೋವೆಯ ಬೆನಾಲಿಂನಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದರು. ಆಗ ಶ್ರೀಲಂಕೆಯ ಕರಾವಳಿ ಡಚ್ಚರ ವಶದಲ್ಲಿತ್ತು. ಅವರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಅಲ್ಲಿನ ವಿಶ್ವಾಸಿಗಳಿಗೆ ಬಲಿಪೂಜೆ ಇರಲಿಲ್ಲ, ಪಾಪನಿವೇದನೆ ಕೇಳುವವರಿರಲಿಲ್ಲ, ಸಾಯುವವರ ಪಕ್ಕದಲ್ಲಿ ಒಬ್ಬ ಗುರುವೂ ಇರಲಿಲ್ಲ. ಈ ಸುದ್ದಿ ಗೋವೆಗೆ ತಲುಪಿತ್ತು. ಅನೇಕರಿಗೆ ಅದು ದುಃಖದ ಸುದ್ದಿಯಾಗಿತ್ತು. ಫಾದರ್ ಜೋಸೆಫರಿಗೆ ಅದು ಕರೆಯಾಯಿತು. ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಹಿರಿಯರನ್ನು ಬೇಡಿಕೊಂಡರು.

ಆದರೆ ಹಿರಿಯರು ಅವರನ್ನು ಲಂಕೆಗೆ ಕಳುಹಿಸಲಿಲ್ಲ. 1681ರಲ್ಲಿ ಕೆನರಾ ಪ್ರಾಂತ್ಯದ, ಅಂದರೆ ನಮ್ಮ ಕರಾವಳಿಯ, ಹೊಣೆ ವಹಿಸಿದರು. ಬಯಸಿದ್ದೊಂದು, ಸಿಕ್ಕಿದ್ದೊಂದು. ಈ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಓದಬೇಕೆಂದಿದ್ದವರು ಮನೆಯ ಭಾರ ಹೊರಬೇಕಾಗುತ್ತದೆ. ದೂರ ಹೋಗಬೇಕೆಂದಿದ್ದವರು ಹಾಸಿಗೆ ಹಿಡಿದ ತಾಯಿಯ ಬಳಿ ಉಳಿಯಬೇಕಾಗುತ್ತದೆ. ಆಗ ದೇವರು ನಮ್ಮನ್ನು ಮರೆತರೆಂದು ಕೊರಗುತ್ತೇವೆ. ಫಾದರ್ ಜೋಸೆಫರು ಕೊರಗುತ್ತ ಕೂರಲಿಲ್ಲ. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರುಗಳ ಕಡೆ ದುಡಿದರು, ಚದುರಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದರು, ಮಕ್ಕಳಿಗಾಗಿ ಸಣ್ಣ ಶಾಲೆಗಳನ್ನು ತೆರೆದರು. ಮಂಗಳೂರಿನ ಬಳಿಯ ಮುಡಿಪುವಿನ ಗುಡ್ಡಕ್ಕೆ ಇಂದಿಗೂ ಜನ ಹರಕೆ ಹೊತ್ತು ಬರುವುದು ಆ ಮೂರು ವರ್ಷಗಳ ನೆನಪಿಗಾಗಿ. ಅವರ ಪಾಲಿಗೆ ಕಾಯುವ ಕಾಲವಾಗಿದ್ದದ್ದು ನಮ್ಮ ಪೂರ್ವಜರ ಪಾಲಿಗೆ ಕೃಪೆಯ ಕಾಲವಾಯಿತು. ಕಾಯುವ ದಾರಿಯೂ ಕರೆಯ ದಾರಿಯೇ.

ಮುಂದೆ 1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಲಂಕೆ ತಲುಪಿದರು. ಜೊತೆಗಿದ್ದವನು ಜಾನ್ ಎಂಬ ಸೇವಕ ಒಬ್ಬನೇ. ಕೊರಳಲ್ಲಿ ಜಪಸರ ಧರಿಸಿ, ಭಿಕ್ಷೆ ಬೇಡುತ್ತ ಮನೆಮನೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುವುದೋ ಅವರೇ ಕಥೋಲಿಕರು ಎಂದು ಗುರುತಿಸುತ್ತಿದ್ದರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ತೊರೆದಾಗ, ಅದೇ ಕ್ಯಾಂಡಿಯಲ್ಲಿ ಅವರ ಆರೈಕೆಗೆ ನಿಂತರು. ಮತ್ತೆ ಗೋವೆಗೆ ಮರಳದೆ, 1711ರ ಜನವರಿ 16ರಂದು ಅಲ್ಲಿಯೇ ಕಣ್ಣುಮುಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯರೇ, ಈ ಕಥೆಯಲ್ಲಿ ಕರೆ ಬಂದದ್ದು ಒಬ್ಬರಿಗೆ ಮಾತ್ರವೇ? ಸೇವಕ ಜಾನ್ ಗುರುವಿನೊಡನೆ ಹೊರಡದಿದ್ದರೆ? ಕಥೋಲಿಕ ಗುರುವಿಗೆ ಆಶ್ರಯ ಕೊಟ್ಟರೆ ಡಚ್ಚರ ಶಿಕ್ಷೆ ಖಂಡಿತವೆಂದು ತಿಳಿದೂ ಬಾಗಿಲು ತೆರೆದ ಆ ಕುಟುಂಬಗಳು ಇಲ್ಲದಿದ್ದರೆ? ಅವರ ಹೆಸರುಗಳನ್ನು ನಾವು ಅರಿಯೆವು. ಅವರಲ್ಲಿ ಮಕ್ಕಳೊಂದಿಗರು, ಕೃಷಿಕರು, ಬೆಸ್ತರು ಇದ್ದಿರಬೇಕು; ನಮ್ಮಂಥವರೇ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಪಾವಿತ್ರ್ಯಕ್ಕೆ ಕರೆಯಲ್ಪಟ್ಟವರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಲಂಕೆಯ ಆ ಮನೆಗಳಲ್ಲಿ ಜನ ಅದನ್ನು ಮೊದಲೇ ಬದುಕಿ ತೋರಿಸಿದ್ದರು.

ಈಗ ನಮ್ಮ ಮನೆಗಳ ಕಡೆ ನೋಡೋಣ. ಗುರುಗಳೂ ಧರ್ಮಭಗಿನಿಯರೂ ಹೆಚ್ಚಲಿ ಎಂದು ನಾವು ತಪ್ಪದೆ ಪ್ರಾರ್ಥಿಸುತ್ತೇವೆ. ಆದರೆ ಆ ಕರೆ ಪಕ್ಕದ ಮನೆಯ ಮಗುವಿಗೆ ಬರಲಿ ಎಂಬುದು ಒಳಗಿನ ಆಸೆ. ನಮ್ಮ ಮಗ ಸೆಮಿನರಿಗೆ ಹೋಗುತ್ತೇನೆಂದರೆ, ಮಗಳು ಕಾನ್ವೆಂಟ್ ಸೇರುತ್ತೇನೆಂದರೆ, ಮೊದಲು ಓದು ಮುಗಿಸು ಎನ್ನುತ್ತೇವೆ. ಓದು ಮುಗಿದ ಮೇಲೆ ಕೆಲಸ ಹುಡುಕು ಎನ್ನುತ್ತೇವೆ. ಒಬ್ಬರೋ ಇಬ್ಬರೋ ಮಕ್ಕಳಿರುವ ಮನೆಯಲ್ಲಿ ಈ ಅಳುಕು ಸಹಜ. ಅದನ್ನು ಹಗುರವಾಗಿ ಕಾಣಬಾರದು. ಆದರೂ ಏಲಿಯವರನ್ನು ನೆನೆಯೋಣ. ಅವರು ಹುಡುಗನಿಗೆ ಸುಮ್ಮನೆ ಮಲಗು ಎಂದು ಹೇಳಿ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ದೇವರಿಗೆ ಉತ್ತರಿಸುವುದು ಹೇಗೆಂದು ಕಲಿಸಿದರು. ತಂದೆತಾಯಿಯರ ಕರೆಯೂ ಇದೇ.

ನಮಗೆ ಯಾವ ಕರೆಯೂ ಬಂದಿಲ್ಲ ಎನ್ನುವವರು ಮನೆಗೆ ಹೋಗಿ ಸ್ವಲ್ಪ ಕಿವಿಗೊಡೋಣ. ಒಳಕೋಣೆಯಲ್ಲಿ ನೀರು ಕೇಳುವ ಅಜ್ಜಿಯ ದನಿಯಿದೆ. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಮೌನವಿದೆ. ನಮ್ಮ ವಾರ್ಡಿನಲ್ಲಿ ಒಂಟಿಯಾಗಿ ಮಲಗಿರುವ ರೋಗಿಯಿದ್ದಾರೆ. ಎದ್ದು ಅವರ ಬಳಿಗೆ ಓಡೋಣ. ಕರೆದವರು ಯಾರೆಂದು ಅಲ್ಲಿ ತಿಳಿಯುತ್ತದೆ.

ಸಂತ ಜೋಸೆಫ್ ವಾಜರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.