ಸೀಸೆಯ ಮೇಲಿನ ಮುದ್ರೆ



ಕೂಸು ಹುಟ್ಟಿದ ದಿನವೇ ಸಿಸ್ಟರು ಸೂಜಿ ಹಿಡಿದು ಬಂದರೆ ಅಜ್ಜಿಯ ಎದೆ ಝಲ್ಲೆನ್ನುತ್ತದೆ. "ಇಷ್ಟು ಎಳೆಗೂಸಿಗೆ ಇದೇನಮ್ಮ? ಈ ಔಷಧ ಒಳ್ಳೆಯದೆಂದು ಹೇಳಿದವರು ಯಾರು?" ಎಂದು ಕೇಳುತ್ತಾಳೆ. ಕೇಳಬೇಕಾದ ಪ್ರಶ್ನೆಯೇ.

ಆ ಸೂಜಿ ಹೆಪಟೈಟಿಸ್ ಬಿ ಎಂಬ ಕಾಮಾಲೆಯನ್ನು ತಡೆಯುವಂಥದು. ಸೊಲ್ಲಾಪುರದ ಕಡೆ ಕಾಮಣಿ ಎನ್ನುತ್ತೀರಿ. ಆದವಾನಿಯ ಕಡೆ ನೆರೆಯ ತೆಲುಗರು ಕಾಮೆರ್ಲು ಎನ್ನುತ್ತಾರೆ. ಆದರೆ ಇದು ಕೆಟ್ಟ ನೀರಿನಿಂದ ಬರುವ ಕಾಮಾಲೆಯಲ್ಲ. ರಕ್ತದ ಮೂಲಕ, ಶುದ್ಧಮಾಡದ ಸೂಜಿಯ ಮೂಲಕ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಹರಡುತ್ತದೆ. ಎಳೆತನದಲ್ಲಿ ತಗುಲಿದರೆ ಸಾಮಾನ್ಯವಾಗಿ ಒಳಗೇ ಉಳಿದು, ಎಷ್ಟೋ ವರ್ಷಗಳ ಮೇಲೆ ಯಕೃತ್ತನ್ನು ಕೆಡಿಸಬಲ್ಲುದು.

ಮೊದಲು ಈ ಲಸಿಕೆ ಹೊರದೇಶದಿಂದ ಬರುತ್ತಿತ್ತು. ಒಂದು ಸೂಜಿಗೆ ನೂರಾರು ರೂಪಾಯಿ. ಬಡವರ ಕೈಗೆ ಎಟುಕುತ್ತಿರಲಿಲ್ಲ. 1993ರಲ್ಲಿ ವರಪ್ರಸಾದ ರೆಡ್ಡಿ ಎಂಬ ಇಂಜಿನಿಯರು ಹೈದರಾಬಾದಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಆರಂಭಿಸಿದರು. ಹೆಂಡವನ್ನು ನೊರೆಯೇಳಿಸುವ ಯೀಸ್ಟ್ ಇದೆಯಲ್ಲ, ಆ ಬಗೆಯ ಸೂಕ್ಷ್ಮಜೀವಿಯೊಳಗೆ ರೋಗಾಣುವಿನ ಒಂದೇ ಒಂದು ಜೀನ್ ಸೇರಿಸಿದರು. ಅದು ರೋಗಾಣುವಿನ ಹೊರಮೈಯ ಪ್ರೋಟೀನನ್ನು ಮಾತ್ರ ತಯಾರಿಸುತ್ತದೆ. ಲಸಿಕೆಯಲ್ಲಿ ರೋಗಾಣುವೇ ಇಲ್ಲ. ಆದ್ದರಿಂದ ಅದರಿಂದ ಆ ರೋಗ ಬರಲಾರದು. 1997ರಲ್ಲಿ ಶಾನ್‌ವ್ಯಾಕ್-ಬಿ ಹೊರಬಂತು. ಒಂದು ಡೋಸಿಗೆ 50 ರೂಪಾಯಿ.

ಅಗ್ಗದ ಮಾಲೆಂದರೆ ನಮಗೆ ಅನುಮಾನ ಸಹಜ. ಅದಕ್ಕೇ ಪರೀಕ್ಷೆಗಳಿವೆ. ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಒಪ್ಪಿ ಮುಂದೆ ಬಂದ ಮನುಷ್ಯರ ಮೇಲೆ ಪರೀಕ್ಷೆ ನಡೆಯಬೇಕು. ಲೆಕ್ಕವೆಲ್ಲ ದೆಹಲಿಯ ಔಷಧ ನಿಯಂತ್ರಕರ ಮುಂದೆ ಹೋಗಬೇಕು. ಅವರು ಒಪ್ಪಿದರಷ್ಟೇ ಮಾರಾಟ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಲಸಿಕೆಗೆ ತನ್ನ ಅರ್ಹತಾ ಮುದ್ರೆ ಕೊಟ್ಟಿತು.

ಮುದ್ರೆ ಬಿದ್ದ ಮೇಲೆ ಕಾವಲು ಮುಗಿಯಿತೆ? ಇಲ್ಲ. ಇದೇ ಕಂಪನಿಯ ಶಾನ್-5, ಐದು ರೋಗಗಳಿಗೆ ಒಂದೇ ಸೂಜಿ, 2008ರಲ್ಲಿ ಆ ಮುದ್ರೆ ಪಡೆದಿತ್ತು. ಮರುವರ್ಷ ಕಂಪನಿ ಫ್ರಾನ್ಸಿನ ದೊಡ್ಡ ಸಂಸ್ಥೆ ಸನೋಫಿಯ ಕೈಸೇರಿತು. ಆದರೆ 2010ರಲ್ಲಿ ಕೆಲವು ಸೀಸೆಗಳ ಒಳಗೋಡೆಗೆ ಬಿಳಿ ಗಷ್ಟು ಅಂಟಿದ್ದು ಕಂಡಾಗ, ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮುದ್ರೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಒಡೆಯರ ದೊಡ್ಡಸ್ತಿಕೆ ಅಡ್ಡ ಬರಲಿಲ್ಲ. ಮತ್ತೆ ಮುದ್ರೆ ಸಿಕ್ಕಿದ್ದು 2014ರಲ್ಲಿ. ನನಗಂತೂ ಮುದ್ರೆ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು ಧೈರ್ಯ ಕೊಡುವ ಸಂಗತಿ.

ಕೊನೆಯ ಕಾವಲು ನಮ್ಮದು. ಲಸಿಕೆಯ ಸೀಸೆಯ ಮೇಲೆ ನೇರಳೆ ಬಣ್ಣದ ದುಂಡು ಗುರುತು, ಅದರೊಳಗೆ ಚಿಕ್ಕ ಚೌಕ ಇರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದು, ತಾರೀಖು ಮೀರಿರದಿದ್ದರೆ ಹಾಕಿಸಬಹುದು. ಸುತ್ತಲಿನಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಲಸಿಕೆಗೆ ಶಾಖ ತಗುಲಿದೆ, ಬೇಡ. ಕಾರ್ಡು ಮಲೆಯಾಳದಲ್ಲಿರಲಿ, ಮರಾಠಿಯಲ್ಲಿರಲಿ, ಈ ಗುರುತನ್ನು ಓದಲು ಯಾವ ಲಿಪಿಯೂ ಬೇಕಿಲ್ಲ.

ಹುಟ್ಟಿದ 24 ಗಂಟೆಯೊಳಗೆ ಮೊದಲ ಸೂಜಿ. 6, 10, 14ನೆಯ ವಾರಗಳಲ್ಲಿ ಉಳಿದವು. ಅಜ್ಜಿ ಕೇಳಲಿ, ಸೀಸೆ ನೋಡಲಿ. ನೋಡಿದ ಮೇಲೆ ತಡಮಾಡದಿರಲಿ.